‘ಅವಕಾಶ’ ಯಾವ ಭಾಷೆಯ ಪದ? ಜೆನೆರಿಕ್ ಟೈಪುಗಳನ್ನು ಎಕ್ಸ್‌ಎಂಎಲ್‌ಗೆ ಇಳಿಸುವ ಉಪಕರಣಗಳ ಒಂದು ವಿಮರ್ಶೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಅಲ್ಲಲ್ಲಿ ಹಾಗೆಯೇ ಉಳಿಸಿಕೊಂಡಿದ್ದೇನೆ. ಪರದೆಯ ಮೇಲೆ ತೋರಿಸಿದ ಕೋಡಿನ ಹೆಸರುಗಳನ್ನೂ ಇಲ್ಲಿ ಕನ್ನಡ ಅಕ್ಷರಗಳಲ್ಲೇ ಕೊಟ್ಟಿದೆ.)

ಧ್ವನಿ ಸರಿಯಾಗಿ ಕೇಳ್ತಾ ಉಂಟಲ್ಲ? ಪರದೆ ಕಾಣ್ತಿದೆ ಅಂತ ಚಾಟ್‌ನಲ್ಲಿ ಹೇಳಿದ್ದೀರಿ. ಶುರು ಮಾಡ್ತೇನೆ.

ಗಡಿನಾಡಿನ ಕನ್ನಡದ ಮೇಲೆ ನಡೆಯುತ್ತಿರುವ ಈ ಮಾಲೆಯಲ್ಲಿ ಪ್ರೋಗ್ರಾಮಿಂಗ್ ವಿಷಯ ಯಾಕೆ ಬಂತು ಅಂತ ಕೆಲವರಿಗೆ ಅನಿಸಿರಬಹುದು. ಇಲ್ಲಿ ಸೇರಿದವರಲ್ಲಿ ಬಹಳ ಮಂದಿ ಪದಸಂಗ್ರಹದ ಕೆಲಸದಲ್ಲಿದ್ದೇವೆ. ಕಾಸರಗೋಡಿನಲ್ಲಿ ನಾವು, ತಾಳವಾಡಿಯಲ್ಲಿ ಕೆಲವರು, ಅಕ್ಕಲಕೋಟದ ಕಡೆ ಇನ್ನು ಕೆಲವರು. ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡದ್ದು ಕೊನೆಗೆ ಕಂಪ್ಯೂಟರಿನಲ್ಲಿ ಒಂದು ಫೈಲಾಗುತ್ತದೆ, ಹೆಚ್ಚಾಗಿ ಎಕ್ಸ್‌ಎಂಎಲ್ ಫೈಲು. ಅದನ್ನು ಯಾರೂ ಕೈಯಿಂದ ಬರೆಯುವುದಿಲ್ಲ. ಪ್ರೋಗ್ರಾಮಿನ ಒಳಗಿನ ವಸ್ತುಗಳನ್ನು, ಅಂದರೆ ಆಬ್ಜೆಕ್ಟುಗಳನ್ನು, ಸೀರಿಯಲೈಸರ್ ಎಂಬ ಉಪಕರಣ ಎಕ್ಸ್‌ಎಂಎಲ್ ಆಗಿ ಇಳಿಸಿಕೊಡುತ್ತದೆ. ಅದೂ ಒಂದು ಬಗೆಯ ಅನುವಾದವೇ. ಹಾಗಾಗಿ ಅನುವಾದವನ್ನು ವಿಮರ್ಶಕರು ಓದುವ ಹಾಗೆ ಈ ಉಪಕರಣಗಳನ್ನೂ ಓದಬೇಕು ಎನ್ನುವುದು ನನ್ನ ಪ್ರಸ್ತಾವ. ಮೂಲದಲ್ಲಿದ್ದ ಏನು ಬಂತು, ಏನು ಬರಲಿಲ್ಲ, ಮೂಲದಲ್ಲಿ ಇಲ್ಲದ್ದು ಏನು ಬಂದು ಕೂತಿತು?

ಒಂದು ಪದ ಇಟ್ಟುಕೊಳ್ಳೋಣ: ‘ಅವಕಾಶ’. ಕನ್ನಡದಲ್ಲಿ ಅದಕ್ಕೆ ಸಂದರ್ಭ, ಎಡೆ ಎಂಬ ಅರ್ಥ. ಮಲಯಾಳಂನಲ್ಲಿ ಅವಕಾಶಂ ಎಂದರೆ ಹಕ್ಕು. ಮಾನವ ಹಕ್ಕಿಗೆ ಅವರು ಮನುಷ್ಯಾವಕಾಶಂ ಅನ್ನುತ್ತಾರೆ. ‘ಅಪೇಕ್ಷೆ’ಯೂ ಹೀಗೆಯೇ. ಕನ್ನಡದಲ್ಲಿ ಬಯಕೆ, ಮಲಯಾಳಂನಲ್ಲಿ ಅರ್ಜಿ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದ ಮೇಲೆ ಕಚೇರಿಯ ಭಾಷೆ ಮಲಯಾಳಂ ಆಯಿತು, ಮನೆಯ ಭಾಷೆ ಕನ್ನಡವೋ ತುಳುವೋ ಆಗಿಯೇ ಉಳಿಯಿತು. ಇಂಥ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿಟ್ಟರೆ ಕಣ್ಣಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಪಕ್ಕದಲ್ಲಿ ಭಾಷೆಯ ಗುರುತು ಇದ್ದರೆ ಮಾತ್ರ ಗೊತ್ತಾಗುತ್ತದೆ. ಆ ಗುರುತು ಎಲ್ಲಿ ಇರಬೇಕು ಎಂಬುದೇ ಇವತ್ತಿನ ಪ್ರಶ್ನೆ.

ಪ್ರೋಗ್ರಾಮ್ ಬರೆಯುವವರು ಸಹಜವಾಗಿ ಅದನ್ನು ಟೈಪಿನಲ್ಲಿ ಇಡುತ್ತಾರೆ. ಪರದೆಯ ಮೇಲೆ ನೋಡಿ:

ಪದ<ಕನ್ನಡ>
ಪದ<ಮಲಯಾಳಂ>
ಪದ<ತುಳು>

ಇದು ಜೆನೆರಿಕ್ ಟೈಪು. ಭಾಷಾ ವಿಭಾಗದವರಿಗಾಗಿ ಒಂದು ಮಾತು: ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿಗಳನ್ನು ನೆನೆಸಿಕೊಳ್ಳಿ. ಭರಣಿಯ ಆಕಾರ ಎಲ್ಲದಕ್ಕೂ ಒಂದೇ, ಒಳಗಿರುವುದು ಮಾವೋ ಅಂಬಟೆಯೋ ನೆಲ್ಲಿಯೋ. ‘ಭರಣಿ<ಮಾವು>’ ಎಂದು ಒಮ್ಮೆ ಹೇಳಿದ ಮೇಲೆ ಅದಕ್ಕೆ ನೆಲ್ಲಿ ಹಾಕಲು ಹೋದರೆ ಕಂಪೈಲರ್ ಕೈ ಹಿಡಿಯುತ್ತದೆ. ಬಹಳ ಒಳ್ಳೆಯ ವ್ಯವಸ್ಥೆ. ಪದ<ಮಲಯಾಳಂ> ಬೇಕಾದ ಕಡೆ ಪದ<ಕನ್ನಡ> ಕೊಟ್ಟರೆ ಪ್ರೋಗ್ರಾಮ್ ಓಡುವ ಮೊದಲೇ ತಪ್ಪು ಸಿಕ್ಕಿಬೀಳುತ್ತದೆ. ಆದರೆ ಒಂದು ಸಂಗತಿ ಗಮನಿಸಿ. ‘ಪದ’ ಎಂಬ ಕ್ಲಾಸಿನ ಒಳಗೆ ಇರುವುದು ರೂಪ, ಅರ್ಥ, ಊರು ಎಂಬ ಮೂರು ಫೀಲ್ಡುಗಳು. ಭಾಷೆ ಯಾವ ಫೀಲ್ಡಿನಲ್ಲೂ ಇಲ್ಲ. ಅದು ಕೋನಾವರಣದ ಒಳಗೆ ಮಾತ್ರ ಉಂಟು. ಇಂಥ ಟೈಪ್ ಪ್ಯಾರಾಮೀಟರಿಗೆ ಪ್ರೋಗ್ರಾಮಿಂಗ್ ಶಾಸ್ತ್ರದಲ್ಲಿ ‘ಫ್ಯಾಂಟಮ್’ ಎಂಬ ಹೆಸರೇ ಇದೆ. ಕಂಪೈಲರಿಗೆ ಕಾಣುತ್ತದೆ, ದತ್ತಾಂಶದಲ್ಲಿ ಕಾಣುವುದಿಲ್ಲ.

ಈಗ ಇದನ್ನು ಎಕ್ಸ್‌ಎಂಎಲ್‌ಗೆ ಇಳಿಸಿದರೆ ಏನಾಗುತ್ತದೆ? ಪರೀಕ್ಷೆಗಾಗಿ ಜಾವಾದಲ್ಲಿ ಎರಡು ಪದಗಳನ್ನು ಒಂದೇ ಪಟ್ಟಿಯಲ್ಲಿ ಹಾಕಿ ಇಳಿಸಿ ನೋಡಿದೆ:

<ಪದ><ರೂಪ>ಅವಕಾಶ</ರೂಪ></ಪದ>
<ಪದ><ರೂಪ>ಅವಕಾಶ</ರೂಪ></ಪದ>

ಒಂದು ಕನ್ನಡದ್ದು, ಒಂದು ಮಲಯಾಳಂನದ್ದು. ಯಾವುದು ಯಾವುದು ಅಂತ ಈ ಫೈಲು ನೋಡಿ ಯಾರೂ ಹೇಳಲಾರರು. ಅರ್ಥದ ಫೀಲ್ಡು ಖಾಲಿ ಇರುವ ನಮೂದುಗಳು ನಮ್ಮೆಲ್ಲರ ಸಂಗ್ರಹದಲ್ಲೂ ಇವೆ. ಅಲ್ಲಿ ಹೋದ ಗುರುತು ಹೋಯಿತು. ಎಚ್ಚರಿಕೆ ಇಲ್ಲ, ತಪ್ಪಿನ ಸಂದೇಶವೂ ಇಲ್ಲ. ಎಲ್ಲ ಸರಿಯಾಗಿದೆ ಎಂದೇ ಉಪಕರಣ ಹೇಳುತ್ತದೆ. ನನಗೆ ತಕರಾರು ಇರುವುದು ಈ ಮೌನದ ಬಗ್ಗೆ.

ಇದು ಹೀಗಾಗಲು ಇತಿಹಾಸದಲ್ಲಿ ಕಾರಣ ಇದೆ. ಎಕ್ಸ್‌ಎಂಎಲ್ ಶಿಫಾರಸು ಪ್ರಕಟವಾದದ್ದು 1998ರ ಫೆಬ್ರವರಿಯಲ್ಲಿ. ಅದೇ ವರ್ಷ ಗಿಲಾಡ್ ಬ್ರಾಚಾ, ಮಾರ್ಟಿನ್ ಒಡರ್‌ಸ್ಕಿ, ಡೇವಿಡ್ ಸ್ಟೌಟಮೈರ್, ಫಿಲಿಪ್ ವಾಡ್ಲರ್ ಸೇರಿ ಜಾವಾಕ್ಕೆ ಜೆನೆರಿಕ್ ಸೇರಿಸುವ ‘ಜಿಜೆ’ ಎಂಬ ವಿನ್ಯಾಸವನ್ನು ಮಂಡಿಸಿದರು. ಅದರ ಮೇಲೆ ಕಟ್ಟಿದ ಜೆನೆರಿಕ್ಸ್ 2004ರಲ್ಲಿ ಜಾವಾ 5ರಲ್ಲಿ ಬಂತು. ಅಷ್ಟರಲ್ಲಿ ಜಾವಾದಲ್ಲಿ ಬರೆದ ಕೋಡು ಲೋಕದ ತುಂಬಾ ಇತ್ತು. ಹಳೆಯದನ್ನು ಮುರಿಯದೆ ಹೊಸದನ್ನು ಸೇರಿಸಬೇಕಾಗಿತ್ತು. ಆಗ ಆರಿಸಿಕೊಂಡ ಉಪಾಯದ ಹೆಸರು ಇರೇಷರ್, ಅಳಿಸುವಿಕೆ. ಕಂಪೈಲರ್ ಕೋನಾವರಣದ ಒಳಗಿನದ್ದನ್ನು ಪರಿಶೀಲಿಸುತ್ತದೆ, ತೃಪ್ತಿಯಾದ ಮೇಲೆ ಅಳಿಸಿಬಿಡುತ್ತದೆ. ಪ್ರೋಗ್ರಾಮ್ ಓಡುವಾಗ ಮೆಮೊರಿಯಲ್ಲಿ ಇರುವುದು ಬರೀ ‘ಪದ’. ಭರಣಿಯ ಮೇಲಿನ ಚೀಟಿಯನ್ನು ಓದಿ, ಸರಿಯಿದೆ ಎಂದು, ಹರಿದು ಹಾಕಿದ ಹಾಗೆ. ಮನೆಯೊಳಗೆ ಇದರಿಂದ ತೊಂದರೆ ಇಲ್ಲ; ಅಮ್ಮನಿಗೆ ಯಾವ ಭರಣಿಯಲ್ಲಿ ಏನುಂಟು ಅಂತ ಗೊತ್ತಿರುತ್ತದೆ. ಭರಣಿಯನ್ನು ಬೇರೆ ಊರಿಗೆ ಕಳಿಸುವಾಗ ತೊಂದರೆ. ಎಕ್ಸ್‌ಎಂಎಲ್ ಎನ್ನುವುದು ಬೇರೆ ಊರಿಗೆ ಕಳಿಸುವ ವ್ಯವಹಾರ.

ಜಾವಾವನ್ನು ಪೂರ್ತಿ ಬೈಯುವುದೂ ನ್ಯಾಯವಲ್ಲ. ಕ್ಲಾಸಿನ ಫೀಲ್ಡಿಗೆ ಘೋಷಿಸಿದ ಟೈಪು ಕ್ಲಾಸ್ ಫೈಲಿನಲ್ಲಿ ಉಳಿದಿರುತ್ತದೆ, ರಿಫ್ಲೆಕ್ಷನ್ ಮೂಲಕ ಅದನ್ನು ಓದಬಹುದು. ಜಾಕ್ಸ್‌ಬಿ ಎಂಬ ಜಾವಾದ ಎಕ್ಸ್‌ಎಂಎಲ್ ಉಪಕರಣ ಹಾಗೆ ಓದಿಯೇ ಪಟ್ಟಿಯೊಳಗೆ ‘ಪದ’ ಇದೆ ಎಂದು ಕಂಡುಕೊಳ್ಳುತ್ತದೆ. ಆದರೆ ಅದಕ್ಕೆ ಬೇಕಾದದ್ದು ಯಾವ ಕ್ಲಾಸು ಎಂಬುದಷ್ಟೇ. ಒಳಗಿನ ‘ಮಲಯಾಳಂ’ ಅದಕ್ಕೆ ಬೇಡ, ಯಾಕೆಂದರೆ ಅದರಿಂದ ಬರೆಯಬೇಕಾದ ಫೀಲ್ಡು ಯಾವುದೂ ಹುಟ್ಟುವುದಿಲ್ಲ. ಇನ್ನು ಕ್ಲಾಸಿನ ಒಳಗೇ ‘ಟಿ’ ಎಂಬ ಟೈಪಿನ ಫೀಲ್ಡು ಇದ್ದರೆ ಕಥೆ ಬೇರೆ. ಜಾಕ್ಸ್‌ಬಿಗೆ ಅದು ಬರೀ ‘ಆಬ್ಜೆಕ್ಟ್’ ಆಗಿ ಕಾಣುತ್ತದೆ. ಆಗ ಸಾದಾ ಒಂದು ಅಕ್ಷರಸಾಲನ್ನು ಇಳಿಸುವಾಗಲೂ ಟ್ಯಾಗಿನ ಮೇಲೆ ‘ಎಕ್ಸ್‌ಎಸ್‌ಐ:ಟೈಪ್’ ಎಂಬ ಆಟ್ರಿಬ್ಯೂಟು, ಅದಕ್ಕೆ ಬೇಕಾದ ನೇಮ್‌ಸ್ಪೇಸ್ ಘೋಷಣೆ, ಎಲ್ಲ ಬಂದು ಕೂರುತ್ತವೆ. ಬೇಕಾದದ್ದು ಬರಲಿಲ್ಲ, ಬೇಡದ್ದು ಬಂತು.

ಡಾಟ್‌ನೆಟ್ ಕಡೆಗೆ ಹೋಗೋಣ. ಅಲ್ಲಿ ಡಾನ್ ಸೈಮ್, ಆಂಡ್ರೂ ಕೆನಡಿ ಇಬ್ಬರೂ 2001ರಲ್ಲಿ ಮಂಡಿಸಿದ ವಿನ್ಯಾಸದಲ್ಲಿ ಟೈಪು ರನ್‌ಟೈಮಿನಲ್ಲೂ ಉಳಿಯುತ್ತದೆ. 2005ರಲ್ಲಿ ಬಂದ ಡಾಟ್‌ನೆಟ್ 2.0ರಿಂದ ಪದ<ಮಲಯಾಳಂ> ಎಂಬ ವಸ್ತುವಿಗೆ ತಾನು ಯಾರು ಎಂಬುದು ಕೊನೆಯವರೆಗೂ ನೆನಪಿರುತ್ತದೆ. ನನ್ನ ಮಟ್ಟಿಗೆ ಇದು ಜಾವಾಕ್ಕಿಂತ ಉತ್ತಮ ವಿನ್ಯಾಸ. ಹಾಗಾದ್ರೆ ಎಕ್ಸ್‌ಎಂಎಲ್‌ನಲ್ಲೂ ಸರಿಯಾಗಿ ಬರಬೇಕಲ್ವಾ? ಬರುವುದಿಲ್ಲ. ಯಾಕೆಂದರೆ ಅಲ್ಲಿನ ಎಕ್ಸ್‌ಎಂಎಲ್‌ಸೀರಿಯಲೈಸರ್ 2002ರ ಮೊದಲ ಆವೃತ್ತಿಯಿಂದಲೇ ಇದ್ದದ್ದು. ಜೆನೆರಿಕ್ ಅದರ ಮನೆಗೆ ಆಮೇಲೆ ಬಂದ ನೆಂಟ.

ಆ ನೆಂಟನಿಗೆ ಇಟ್ಟ ಹೆಸರು ನೋಡಿ. ಎಕ್ಸ್‌ಎಂಎಲ್‌ನಲ್ಲಿ ಎಲಿಮೆಂಟಿನ ಹೆಸರಿನ ಒಳಗೆ ಕೋನಾವರಣ ಬರುವ ಹಾಗಿಲ್ಲ. (ಎರಡೂ ಕಡೆ ಒಂದೇ ಚಿಹ್ನೆ ಹಿಡಿದುಕೊಂಡು ಜಗಳ. ಜೆನೆರಿಕ್‌ನವರಿಗೂ ಅದೇ ಬೇಕು, ಎಕ್ಸ್‌ಎಂಎಲ್‌ನವರಿಗೂ ಅದೇ ಬೇಕು.) ಹಾಗಾಗಿ ಪದ<ಮಲಯಾಳಂ> ಎಂಬುದು ‘ಪದಆಫ್‌ಮಲಯಾಳಂ’ ಆಗುತ್ತದೆ. ನಡುವೆ ಇಂಗ್ಲಿಷಿನ ‘ಆಫ್’. ನಾವು ಕ್ಲಾಸಿಗೆ ಕನ್ನಡ ಹೆಸರಿಟ್ಟರೂ ಅದು ಬಿಡುವುದಿಲ್ಲ. ಕನ್ನಡದಲ್ಲಿ ‘ಮಲಯಾಳಂನ ಪದ’ ಎನ್ನಬೇಕಾದದ್ದು ಇಂಗ್ಲಿಷಿನ ಕ್ರಮದಲ್ಲಿ ತಿರುಗಿ ನಿಲ್ಲುತ್ತದೆ. ಇಂಟೀಜರ್‌ಗಳ ಪಟ್ಟಿಯನ್ನು ನೇರವಾಗಿ ಇಳಿಸಿದರೆ ‘ಅರೇಆಫ್‌ಇಂಟ್’. ಆದರೆ ನಾವೇ ಬರೆದ ಜೋಡಿ<ಇಂಟ್, ಸ್ಟ್ರಿಂಗ್> ಎಂಬ ಕ್ಲಾಸಿಗೆ ‘ಜೋಡಿಆಫ್‌ಇಂಟ್32ಸ್ಟ್ರಿಂಗ್’. ಒಂದೇ ಇಂಟೀಜರಿಗೆ ಒಂದು ಕಡೆ ಒಂದು ಹೆಸರು, ಇನ್ನೊಂದು ಕಡೆ ಇನ್ನೊಂದು. ಎರಡು ಪ್ಯಾರಾಮೀಟರ್ ಇದ್ದರೆ ನಡುವೆ ಗೆರೆಯೂ ಇಲ್ಲ ಚುಕ್ಕೆಯೂ ಇಲ್ಲ. ‘ಜೋಡಿಆಫ್‌ಹಳೆಕನ್ನಡತುಳು’ ಅಂತ ಕಂಡರೆ ಅದು ಹಳೆಕನ್ನಡ, ತುಳು ಎಂಬ ಎರಡೋ, ಹಳೆ, ಕನ್ನಡ, ತುಳು ಎಂಬ ಮೂರೋ? ಮೂಲ ಪ್ರೋಗ್ರಾಮ್ ಕೈಯಲ್ಲಿ ಇಲ್ಲದವರಿಗೆ ಹೇಳಲಾಗದು.

ಮುಂದೆ ಬಂದ ಡೇಟಾಕಾಂಟ್ರಾಕ್ಟ್ ಸೀರಿಯಲೈಸರ್ ಇದನ್ನು ಸರಿಮಾಡಲು ಹೋಗಿ ಹೆಸರಿನ ಕೊನೆಗೆ ನೇಮ್‌ಸ್ಪೇಸುಗಳಿಂದ ಲೆಕ್ಕ ಹಾಕಿದ ಒಂದು ಹ್ಯಾಶನ್ನು ಅಂಟಿಸುತ್ತದೆ. ಯಂತ್ರಕ್ಕೆ ಗೊಂದಲ ಇಲ್ಲ. ಮನುಷ್ಯರಿಗೆ ಮಾತ್ರ ಅದು ಅರ್ಥವಿಲ್ಲದ ಅಕ್ಷರಗಳ ಬಾಲ. ಒಂದು ಸಮಾಧಾನ, ಹೆಸರಿನ ನಮೂನೆಯನ್ನು ನಾವೇ ಕೊಡಲು ಅಲ್ಲಿ ಸೌಲಭ್ಯ ಇದೆ.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದು. ‘ಪದಆಫ್‌ಮಲಯಾಳಂ’ ಎಂಬ ಹೆಸರಾದರೂ ಬರುವುದು ವಸ್ತು ಮೂಲ ಎಲಿಮೆಂಟ್ ಆಗಿದ್ದಾಗ, ಇಲ್ಲವೇ ಘೋಷಿಸಿದ ಟೈಪಿಗೂ ನಿಜವಾದ ಟೈಪಿಗೂ ವ್ಯತ್ಯಾಸ ಇದ್ದಾಗ, ಇಂಥ ಕೆಲವು ಸಂದರ್ಭಗಳಲ್ಲಿ ಮಾತ್ರ. ನಮೂದಿನ ಒಳಗೆ ‘ಮೂಲರೂಪ’ ಎಂಬ ಫೀಲ್ಡನ್ನು ಪದ<ಮಲಯಾಳಂ> ಎಂದು ಘೋಷಿಸಿದ್ದರೆ, ಎಕ್ಸ್‌ಎಂಎಲ್‌ನಲ್ಲಿ ಬರುವುದು <ಮೂಲರೂಪ> ಎಂಬ ಟ್ಯಾಗು ಅಷ್ಟೇ. ಅದೇ ಕ್ಲಾಸನ್ನು ಇಟ್ಟುಕೊಂಡು ತಿರುಗಿ ಓದುವವರಿಗೆ ಎಲ್ಲ ಸರಿಯಾಗಿ ಸಿಗುತ್ತದೆ. ಕ್ಲಾಸು ಇಲ್ಲದವರಿಗೆ ಜಾವಾದಲ್ಲಿ ಆದದ್ದೇ ಗತಿ. ಅಂದರೆ ಮೆಮೊರಿಯಲ್ಲಿ ನೆನಪಿಟ್ಟುಕೊಂಡ ಡಾಟ್‌ನೆಟ್, ಅಳಿಸಿಹಾಕಿದ ಜಾವಾ, ಎರಡೂ ದಾಖಲೆಯ ದೃಷ್ಟಿಯಿಂದ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ.

ಬೇರೆ ಬೇರೆ ಭಾಷೆಯ ಪದಗಳನ್ನು ಒಂದೇ ಪಟ್ಟಿಯಲ್ಲಿ ಇಡಬೇಕು ಅಂದ್ರೆ ಇನ್ನೂ ರಗಳೆ. ಯಾವ ಯಾವ ಟೈಪು ಬರಬಹುದು ಅಂತ ಮೊದಲೇ ಒಂದೊಂದಾಗಿ ಹೇಳಬೇಕು, ಇಲ್ಲದಿದ್ದರೆ ‘ಈ ಟೈಪನ್ನು ನಿರೀಕ್ಷಿಸಿರಲಿಲ್ಲ’ ಎಂದು ನಿಂತುಬಿಡುತ್ತದೆ. ಜೆನೆರಿಕ್ ಕ್ಲಾಸಿನ ಒಳಗೆ ‘ಟಿ ಯಾವುದೋ ಅದು’ ಎಂದು ಆಟ್ರಿಬ್ಯೂಟಿನಲ್ಲಿ ಬರೆಯಲು ಸಿ ಶಾರ್ಪ್ ಬಿಡುವುದಿಲ್ಲ. ಏಳು ಭಾಷೆಯ ಸಂಗಮ ಎಂದು ಹೆಸರಾದ ಊರು ನಮ್ಮದು, ಏಳು ಸಾಲು ಬರೆದರಾಯಿತು ಅನ್ನಿ. ಎಂಟನೆಯದ್ದು ಬಂದ ದಿನ ಪ್ರೋಗ್ರಾಮನ್ನೇ ತಿದ್ದಬೇಕು. ಡಿಕ್ಷನರಿ ಎಂಬ ಕೀಲಿ-ಮೌಲ್ಯಗಳ ಟೈಪನ್ನಂತೂ ಎಕ್ಸ್‌ಎಂಎಲ್‌ಸೀರಿಯಲೈಸರ್ ಮುಟ್ಟುವುದೇ ಇಲ್ಲ. ಪದಕೋಶದ ಕೆಲಸಕ್ಕೆ ಹೊರಟವರಿಗೆ ಡಿಕ್ಷನರಿಯನ್ನೇ ಇಳಿಸಲಾಗದ ಉಪಕರಣ! ಹಾಗಂತ ಈ ನಿರಾಕರಣೆಯನ್ನು ನಾನು ದೂರುವುದಿಲ್ಲ. ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳುತ್ತದೆ. ಮೌನವಾಗಿ ಬೀಳಿಸುವುದಕ್ಕಿಂತ ಅದು ಎಷ್ಟೋ ಮೇಲು.

ಹೊಸೂರು ಕಡೆಯ ಗೆಳೆಯರೊಬ್ಬರು ಚಾಟ್‌ನಲ್ಲಿ ಕೇಳಿದ್ದಾರೆ: ‘ಟೈಪಿನ ಪೂರ್ತಿ ಹೆಸರನ್ನೇ ಎಕ್ಸ್‌ಎಂಎಲ್‌ನಲ್ಲಿ ಬರೆದುಬಿಟ್ಟರೆ ಆಯ್ತಲ್ಲ? ಅಥವಾ ಎಕ್ಸ್‌ಎಂಎಲ್ ಬಿಟ್ಟು ಜೇಸನ್ ಹಿಡಿದರೆ?’ ಒಳ್ಳೆಯ ಪ್ರಶ್ನೆ. ಹಾಗೆ ಬರೆಯುವ ಉಪಕರಣಗಳಿವೆ. ಜಾವಾದ ಎಕ್ಸ್‌ಸ್ಟ್ರೀಮ್ ಕ್ಲಾಸಿನ ಪೂರ್ತಿ ಹೆಸರನ್ನು, ಪ್ಯಾಕೇಜ್ ಸಮೇತ, ಟ್ಯಾಗಾಗಿ ಬರೆಯುತ್ತದೆ. ಜೇಸನ್‌ನಲ್ಲೂ ಡಾಟ್‌ನೆಟ್ಟಿನ ಒಂದು ಪ್ರಸಿದ್ಧ ಲೈಬ್ರರಿ ಕೇಳಿದರೆ ‘ಡಾಲರ್ ಟೈಪ್’ ಎಂಬ ಕೀಲಿಯಲ್ಲಿ ಅದನ್ನೇ ಮಾಡುತ್ತದೆ. ಇದರಲ್ಲಿ ಎರಡು ತೊಡಕು. ಮೊದಲನೆಯದು ಸುರಕ್ಷತೆ. ಯಾವ ಕ್ಲಾಸಿನ ವಸ್ತುವನ್ನು ಹುಟ್ಟಿಸಬೇಕು ಎಂಬುದನ್ನು ದಾಖಲೆಯೇ ಹೇಳುವಂತಾದರೆ, ದಾಖಲೆ ಬರೆದವರು ಓದುವವರ ಯಂತ್ರದಲ್ಲಿ ಬೇಕಾದ್ದನ್ನು ಓಡಿಸಬಹುದು. ಎಕ್ಸ್‌ಸ್ಟ್ರೀಮ್‌ನಲ್ಲಿ ಇಂಥ ದೋಷ 2013ರಲ್ಲೇ ದಾಖಲಾಗಿದೆ. ಎರಡನೆಯದು ನಮಗೆ ಹೆಚ್ಚು ಹತ್ತಿರದ್ದು. ಪ್ರೋಗ್ರಾಮಿನ ಒಳಮನೆಯ ಹೆಸರು ದಾಖಲೆಗೆ ಅಂಟಿಕೊಳ್ಳುತ್ತದೆ. ನಾಳೆ ಕ್ಲಾಸಿನ ಹೆಸರು ಬದಲಾಯಿಸಿದರೆ ನಿನ್ನೆಯ ಫೈಲು ಓದಲಾಗದು.

ಪ್ರೋಗ್ರಾಮುಗಳ ಆಯುಸ್ಸು ಎಷ್ಟು ಅಂತ ಜಾಕ್ಸ್‌ಬಿಯ ಚರಿತ್ರೆಯೇ ಹೇಳುತ್ತದೆ. 2006ರಲ್ಲಿ ಜಾವಾ 6ರ ಜೊತೆಗೇ ಅದನ್ನು ಕೊಟ್ಟರು. 2018ರಲ್ಲಿ ಜಾವಾ 11ರಿಂದ ತೆಗೆದರು. ಪ್ರತ್ಯೇಕ ಲೈಬ್ರರಿಯಾಗಿ ಈಗಲೂ ಸಿಗುತ್ತದೆ, ನಿಜ. ಆದರೆ ‘ಭಾಷೆಯೊಡನೆ ಬಂದದ್ದು, ಎಂದೂ ಇರುತ್ತದೆ’ ಎಂದು ನಂಬಲು ಆಗುವುದಿಲ್ಲ. ಇದರ ಎದುರಿಗೆ ಟಿಇಐ, ಅಂದರೆ ಪಠ್ಯಗಳನ್ನು ಗುರುತುಹಾಕುವ ವಿದ್ವಾಂಸರ ನಿಯಮಾವಳಿಯನ್ನು ಇಟ್ಟು ನೋಡಿ. ಅದು ಶುರುವಾದದ್ದು 1987ರಲ್ಲಿ, ಎಕ್ಸ್‌ಎಂಎಲ್ ಹುಟ್ಟುವ ಮೊದಲು. ಎಸ್‌ಜಿಎಂಎಲ್‌ನಲ್ಲಿ ಇದ್ದದ್ದು 2002ರಲ್ಲಿ ಎಕ್ಸ್‌ಎಂಎಲ್‌ಗೆ ದಾಟಿತು. ನಮೂದು, ರೂಪ, ಅರ್ಥ ಎಂಬ ಅದರ ಮೂಲ ಕಲ್ಪನೆಗಳು ಯಾವ ಪ್ರೋಗ್ರಾಮಿನ ಕ್ಲಾಸಿನಿಂದಲೂ ಹುಟ್ಟಿದವಲ್ಲ. ಪದಕೋಶದ ಪುಟದಿಂದ ಹುಟ್ಟಿದವು.

ಈಗ ನನ್ನ ಮುಖ್ಯ ತಕರಾರಿಗೆ ಬರ್ತೇನೆ. ಇಷ್ಟು ಹೊತ್ತು ನೋಡಿದ್ದು ಬಿಡಿ ಪದ. ನಾವು ಸಂಗ್ರಹಿಸುವುದು ವಾಕ್ಯಗಳನ್ನೂ ಕೂಡ. ಉದಾಹರಣೆಗೆಂದು ಕಟ್ಟಿದ ಒಂದು ವಾಕ್ಯ:

ಜಾಗದ ಅವಕಾಶಕ್ಕೆ ಅಪೇಕ್ಷೆ ಕೊಟ್ಟಿದ್ದೇನೆ.

ನಮ್ಮ ಕಡೆಯವರಿಗೆ ತಕ್ಷಣ ತಿಳಿಯುತ್ತದೆ, ಭೂಮಿಯ ಹಕ್ಕಿಗೆ ಅರ್ಜಿ ಹಾಕಿದ ಮಾತು. ಧಾರವಾಡದಲ್ಲಿ ಕೂತು ಓದಿದರೆ ‘ಇದೇನಪ್ಪಾ, ಜಾಗದ ಅವಕಾಶಕ್ಕೆ ಬಯಕೆ ಕೊಟ್ಟನಂತೆ’ ಅನಿಸುತ್ತದೆ. ಈ ವಾಕ್ಯವನ್ನು ಯಾವ ಟೈಪಿನಲ್ಲಿ ಇಡುತ್ತೀರಿ? ವಾಕ್ಯ<ಕನ್ನಡ>? ಅದರ ಜೀವವೇ ಹೋಯಿತು. ಪದಗಳ ಪಟ್ಟಿ ಅನ್ನೋಣ, ಒಂದೊಂದು ಪದಕ್ಕೆ ಒಂದೊಂದು ಟೈಪು. ಆಗ ‘ಅವಕಾಶಕ್ಕೆ’ ಎಂಬುದು ಯಾವುದು? ಅರ್ಥ ಮಲಯಾಳಂನದ್ದು, ‘ಕ್ಕೆ’ ಎಂಬ ವಿಭಕ್ತಿ ಕನ್ನಡದ್ದು. ಕೋನಾವರಣದ ಒಳಗೆ ಒಂದೇ ಹೆಸರಿಗೆ ಜಾಗ.

ಇದನ್ನು ಎಕ್ಸ್‌ಎಂಎಲ್ ಬಹಳ ಸುಲಭವಾಗಿ ಹಿಡಿಯುತ್ತದೆ:

<ವಾಕ್ಯ ಭಾಷೆ="ಕನ್ನಡ">ಜಾಗದ <ಅಂಶ ಭಾಷೆ="ಮಲಯಾಳಂ">ಅವಕಾಶ</ಅಂಶ>ಕ್ಕೆ <ಅಂಶ ಭಾಷೆ="ಮಲಯಾಳಂ">ಅಪೇಕ್ಷೆ</ಅಂಶ> ಕೊಟ್ಟಿದ್ದೇನೆ.</ವಾಕ್ಯ>

ವಿಭಕ್ತಿ ಟ್ಯಾಗಿನ ಹೊರಗೆ ನಿಂತಿದೆ, ನೋಡಿ. ಪಠ್ಯ ಹರಿಯುತ್ತದೆ, ಗುರುತು ಅದರೊಳಗೆ ಎಲ್ಲಿ ಬೇಕೋ ಅಲ್ಲಿ ಮುಳುಗಿ ಏಳುತ್ತದೆ. ಇದಕ್ಕೆ ಮಿಶ್ರ ಕಂಟೆಂಟ್ ಅಂತ ಹೆಸರು. ಟಿಇಐಯಲ್ಲಿ ಅನ್ಯಭಾಷೆಯ ತುಣುಕಿಗೆಂದೇ ಒಂದು ಎಲಿಮೆಂಟು ಇದೆ. ಭಾಷೆಯ ಗುರುತಿಗಾಗಿ ಎಕ್ಸ್‌ಎಂಎಲ್‌ನಲ್ಲೇ ‘ಎಕ್ಸ್‌ಎಂಎಲ್:ಲ್ಯಾಂಗ್’ ಎಂಬ ಆಟ್ರಿಬ್ಯೂಟು 1998ರಿಂದಲೂ ಇದೆ. ಒಳಗಿನ ಎಲಿಮೆಂಟಿಗೆ ಬೇರೆ ಹೇಳದಿದ್ದರೆ ಹೊರಗಿನದ್ದೇ ಅನ್ವಯಿಸುತ್ತದೆ. ತುಳುವಿಗೆ ‘ಟಿಸಿವೈ’ ಎಂಬ ಸಂಕೇತ ಇದೆ, ತುಳುವನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇವೆ ಎಂಬುದನ್ನೂ ಅದರೊಂದಿಗೆ ಸೇರಿಸಿ ಹೇಳಬಹುದು. 2024ರಲ್ಲಿ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿ ಸೇರಿದ ಮೇಲೆ ಈ ವ್ಯತ್ಯಾಸ ಹೇಳಲೇಬೇಕಾದದ್ದು.

ಸೀರಿಯಲೈಸರುಗಳು ಮಿಶ್ರ ಕಂಟೆಂಟನ್ನು ಹೇಗೆ ನಿಭಾಯಿಸುತ್ತವೆ? ಜಾಕ್ಸ್‌ಬಿಯಲ್ಲಿ ಸಾಮಾನ್ಯವಾಗಿ ಪಟ್ಟಿ<ಆಬ್ಜೆಕ್ಟ್>, ಡಾಟ್‌ನೆಟ್‌ನಲ್ಲಿ ಆಬ್ಜೆಕ್ಟುಗಳ ಅರೇ. ‘ಏನಾದರೂ ಇರಬಹುದು’ ಎಂಬ ಪಟ್ಟಿ. ಅಂದರೆ ಜೆನೆರಿಕ್ ಕೊಟ್ಟ ಭರವಸೆ, ನೆಲ್ಲಿಯ ಭರಣಿಗೆ ಮಾವು ಬೀಳದು ಎಂಬ ಭರವಸೆ, ಗಡಿನಾಡಿನ ಮಾತು ನಿಜವಾಗಿ ಗಡಿನಾಡಿನದ್ದಾಗುವ ಜಾಗದಲ್ಲೇ ಕೈಬಿಡುತ್ತದೆ. ಇದನ್ನು ಉಪಕರಣದ ಒಂದು ಸಣ್ಣ ಕೊರತೆ ಎಂದು ತಳ್ಳಿಹಾಕಲು ನಾನು ತಯಾರಿಲ್ಲ. ವಸ್ತುವನ್ನು ಮೂಲವೆಂದೂ ಎಕ್ಸ್‌ಎಂಎಲ್ ಅದರ ನೆರಳೆಂದೂ ತಿಳಿದದ್ದರ ಫಲ ಇದು. ನಮ್ಮ ಕೆಲಸದಲ್ಲಿ ಎಕ್ಸ್‌ಎಂಎಲ್ ಮೂಲ. ಪ್ರೋಗ್ರಾಮಿನ ವಸ್ತು ಅದನ್ನು ಆ ಹೊತ್ತಿಗೆ ಹಿಡಿದು ನೋಡುವ ಪಾತ್ರೆ.

ಟ್ಯಾಗು ಹಾಕುವವರಿಗೆ ಒಂದು ಸಣ್ಣ ಎಚ್ಚರಿಕೆ. ‘ಅವಕಾಶ’ದ ನಂತರ ‘ಕ್ಕೆ’ ಬಂದದ್ದರಿಂದ ಬಚಾವ್. ‘ಆಫೀಸಿಗೆ’ ಎಂಬಲ್ಲಿ ‘ಆಫೀಸ್’ ಅನ್ನು ಮಾತ್ರ ಟ್ಯಾಗಿನ ಒಳಗಿಡಲು ಹೋದರೆ ಗುಡಿಸು ಹೊರಗೆ ಒಂಟಿಯಾಗಿ ನಿಲ್ಲುತ್ತದೆ, ಪರದೆಯ ಮೇಲೆ ಅಕ್ಷರ ಒಡೆಯುತ್ತದೆ. ಅಲ್ಲಿ ಇಡೀ ಪದವನ್ನೇ ಒಳಗೆ ಹಾಕಿ, ಪ್ರಕೃತಿಯನ್ನು ಆಟ್ರಿಬ್ಯೂಟಿನಲ್ಲಿ ಕೊಡುವುದು ಒಳ್ಳೆಯದು. ಟ್ಯಾಗುಗಳ ಹೆಸರನ್ನು ಕನ್ನಡದಲ್ಲಿ ಇಡಬಹುದೇ ಎಂದು ಹಿಂದಿನ ಗೋಷ್ಠಿಯಲ್ಲಿ ಸರ್ ಕೇಳಿದ್ದರು. ಇಡಬಹುದು, ಎಕ್ಸ್‌ಎಂಎಲ್ ಮೊದಲ ದಿನದಿಂದಲೇ ಒಪ್ಪಿದೆ. ಆದರೆ ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ನಾವು ಬಳಸುವ, ಕಣ್ಣಿಗೆ ಕಾಣದ ಆ ಶೂನ್ಯ ಅಗಲದ ಚಿಹ್ನೆಯನ್ನು ಹೆಸರಿನ ಒಳಗೆ ಬಿಟ್ಟದ್ದು 2008ರ ಐದನೆಯ ಆವೃತ್ತಿಯಲ್ಲಿ. ಹಳೆಯ ನಿಯಮದ ಉಪಕರಣಗಳು ಈಗಲೂ ತಕರಾರು ಮಾಡುತ್ತವೆ. ‘ಪದ’, ‘ರೂಪ’, ‘ಊರು’ ಇಂಥವಕ್ಕೆ ಭಯವಿಲ್ಲ.

ಹಾಗಾದರೆ ಮಾಡಬೇಕಾದದ್ದು ಏನು? ಜೆನೆರಿಕ್ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಪ್ರೋಗ್ರಾಮಿನ ಒಳಗೆ ಅದು ತುಂಬ ಉಪಕಾರಿ. ಒಂದೇ ತಂಡದ ಎರಡು ಪ್ರೋಗ್ರಾಮುಗಳು ಇವತ್ತು ಮಾತಾಡಿ ನಾಳೆ ಮರೆಯುವ ಸಂದೇಶಗಳಿಗೆ ಸೀರಿಯಲೈಸರ್ ತಾನಾಗಿ ಬರೆದದ್ದೇ ಸಾಕು. ಸಂಗ್ರಹಕ್ಕೆ ಮಾತ್ರ ಕ್ರಮ ತಿರುಗಬೇಕು. ಮೊದಲು ಹತ್ತು ನಮೂದುಗಳನ್ನು ಕೈಯಿಂದ ಎಕ್ಸ್‌ಎಂಎಲ್‌ನಲ್ಲಿ ಬರೆದು, ಗುರುಗಳಿಗೆ ತೋರಿಸಿ, ದಾಖಲೆಯ ರೂಪ ಗಟ್ಟಿ ಮಾಡಿಕೊಳ್ಳುವುದು. ಆಮೇಲೆ ಆ ರೂಪಕ್ಕೆ ಸರಿಯಾಗಿ ಜೆನೆರಿಕ್ ಇಲ್ಲದ ಸಾದಾ ಕ್ಲಾಸುಗಳು, ಭಾಷೆ ಅದರಲ್ಲಿ ಒಂದು ಫೀಲ್ಡು. ಪದ<ಟಿ>ಯಿಂದ ಅದಕ್ಕೆ ದಾಟಿಸುವ ಕೋಡನ್ನು ನಾವೇ ಬರೆಯುವುದು. ದಾಟಿಸುವಾಗ ಟಿಯನ್ನು ‘ನಿನ್ನ ಭಾಷಾಸಂಕೇತ ಏನು’ ಎಂದು ಕೇಳಬೇಕಾಗುತ್ತದೆ. 2022ರ ಸಿ ಶಾರ್ಪ್ 11ರಿಂದ ಟೈಪನ್ನೇ ಹಾಗೆ ಕೇಳಬಹುದು, ಇಂಟರ್‌ಫೇಸಿನಲ್ಲಿ ಸ್ಟ್ಯಾಟಿಕ್ ಸದಸ್ಯರನ್ನು ಕಡ್ಡಾಯ ಮಾಡಲು ಬರುತ್ತದೆ. ಜಾವಾದಲ್ಲಿ ಕೇಳಲು ಟಿ ಉಳಿದೇ ಇರುವುದಿಲ್ಲ. ವಸ್ತು ಹುಟ್ಟುವಾಗಲೇ ಭಾಷೆಯನ್ನು ಮೌಲ್ಯವಾಗಿ ಕೈಗೆ ಕೊಡಬೇಕು. ಕೆಲಸ ಜಾಸ್ತಿ, ಒಪ್ತೇನೆ.

ಸೊಲ್ಲಾಪುರದಿಂದ ಸೇರಿದ ಮೇಡಂ ಕೈ ಎತ್ತಿದ್ದರು. ಅವರು ಹೇಳಿದ್ದು: ‘ನಮ್ಮಲ್ಲಿ ಮರಾಠಿಯ ಅವಕಾಶ ಅಂದ್ರ ಬಿಡುವು, ಆಕಾಶ. ನಿಮ್ಮ ಫೈಲು ನಮ್ಮ ಕೈಗೆ ಗುರುತಿಲ್ಲದ ಬಂದ್ರ ನಾವು ಮೂರನೇ ಅರ್ಥ ಹಚ್ಚತೀವಿ.’ ಹೌದು ಮೇಡಂ. ಜತ್ತದ ಸಂಗ್ರಹವನ್ನೂ ಆದವಾನಿಯದ್ದನ್ನೂ ನಮ್ಮದನ್ನೂ ಒಂದು ದಿನ ಕೂಡಿಸಿ ನೋಡಬೇಕು ಅನ್ನುವ ಆಸೆ ಎಲ್ಲರಿಗೂ ಉಂಟಲ್ಲ, ಆ ದಿನ ಒಂದೇ ಕಾಗುಣಿತದ ಪದಗಳು ನಾಲ್ಕು ದಿಕ್ಕಿನಿಂದ ಬಂದು ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ಕೊನೆಗೆ, ಇನ್ನೂ ತೀರ್ಮಾನವಾಗದ ಒಂದು ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತೇನೆ. ಕೆಲವು ಪದಗಳನ್ನು ಹೇಳಿದ ಅಜ್ಜಿಯರನ್ನೇ ಕೇಳಿದರೂ ‘ತುಳುವೋ ಕನ್ನಡವೋ, ಏನೋಪ್ಪ, ನಾವು ಹೀಗೇ ಹೇಳುವುದು’ ಎನ್ನುತ್ತಾರೆ. ಜೆನೆರಿಕ್ ಟೈಪಿಗೆ ಈ ಉತ್ತರ ನಡೆಯುವುದಿಲ್ಲ. ವಸ್ತು ಹುಟ್ಟುವ ಮೊದಲೇ ಟಿ ಏನೆಂದು ಹೇಳಲೇಬೇಕು. ಭಾಷಾಸಂಕೇತಗಳಲ್ಲಾದರೆ ನಿರ್ಧಾರವಾಗದ್ದಕ್ಕೆ ‘ಯುಎನ್‌ಡಿ’ ಎಂಬುದೊಂದು ಇದೆ, ಹಲವು ಭಾಷೆಗಳದ್ದಕ್ಕೆ ‘ಎಂಯುಎಲ್’ ಎಂಬುದು ಇದೆ. ಅಜ್ಜಿಯ ಪದಕ್ಕೆ ಇವೆರಡರಲ್ಲಿ ಯಾವುದು? ಯಾರಿಗೂ ಗೊತ್ತಿಲ್ಲ ಎನ್ನುವುದೂ ಎರಡರದ್ದೂ ಹೌದು ಎನ್ನುವುದೂ ಒಂದೇ ಅಲ್ಲ. ನನ್ನ ಒಲವು ಎರಡನೆಯದರ ಕಡೆಗೆ. ಭಾಷಾಶಾಸ್ತ್ರದ ಮೇಷ್ಟ್ರುಗಳು ಇಲ್ಲಿದ್ದೀರಿ, ಮೈಕ್ ನಿಮಗೆ ಕೊಡ್ತೇನೆ.